ಏರಿನ ಬುಡದಲ್ಲಿ ಮಾಡಿದ ಆಣೆ

ನಾನು ನಿಂತಿದ್ದು ನಮ್ಮೂರ ಹಿಟ್ಟಿನ ಗಿರಣಿಯ ಎದುರು, ರಸ್ತೆ ಏರಲು ಶುರುವಾಗುವ ಜಾಗದಲ್ಲಿ, ಕಬ್ಬು ಹೇರಿದ ಟ್ರೇಲರಿನ ಎಡಗಡೆ ಹಿಂದಿನ ಗಾಲಿಯ ಪಕ್ಕ. ಕೈಯಲ್ಲಿ ಒಂದು ಕಲ್ಲಿತ್ತು. ಗಾಡಿ ಹಿಂದಕ್ಕೆ ಜಾರಿದರೆ ಗಾಲಿಗೆ ಅಡ್ಡ ಕೊಡಲಿಕ್ಕೆ ಅಪ್ಪ ನನ್ನನ್ನು ಅಲ್ಲಿ ನಿಲ್ಲಿಸಿದ್ದ. ದೀಪಾವಳಿ ಮುಗಿದ ಮೇಲಿನ ಮೊದಲ ಸೋಮವಾರ. ಡೇರಿಗೆ ಹಾಲು ಹಾಕಿದವರು ಖಾಲಿ ಕ್ಯಾನು ಹಿಡಿದು ಮನೆಗೆ ಮರಳುವ ಹೊತ್ತು. ಕೊರೋನಾ ಬರುವುದಕ್ಕೆ ಮುಂಚಿನ ಕಬ್ಬಿನ ಹಂಗಾಮು ಅದು. ಊರು ಹಳಿಯಾಳ ತಾಲೂಕಿನದು, ದಾಂಡೇಲಿ ರಸ್ತೆಯಿಂದ ಸ್ವಲ್ಪ ಒಳಗೆ.

ಇಷ್ಟನ್ನು ಮೊದಲೇ ಹೇಳಲು ಕಾರಣವಿದೆ. ಆ ದಿನ ಅಲ್ಲಿ ಇರದಿದ್ದವರೇ ಈಗ ಆ ದಿನದ ಬಗ್ಗೆ ಹೆಚ್ಚು ಮಾತಾಡುತ್ತಾರೆ. ನಾನು ಕಂಡದ್ದನ್ನು ಮಾತ್ರ ಕಂಡೆ ಎನ್ನುತ್ತೇನೆ. ಉಳಿದದ್ದನ್ನು ಯಾರು ಹೇಳಿದರೆಂದು ಹೇಳುತ್ತೇನೆ.

ಟ್ರ್ಯಾಕ್ಟರು ನಮ್ಮದು, ಹಳೆಯದು. ಅಪ್ಪ ಅದನ್ನು ಕೊಂಡಾಗ ನಾನಿನ್ನೂ ಶಾಲೆಗೆ ಹೋಗುತ್ತಿದ್ದೆ. ಅದನ್ನು ನಡೆಸುತ್ತಿದ್ದವನನ್ನು ನಾವೆಲ್ಲ ಡ್ರೈವರ್ ಕಾಕಾ ಎನ್ನುತ್ತಿದ್ದೆವು. ಅವನು ಧಾರವಾಡದ ಕಡೆಯ ಹಳ್ಳಿಯವನು. ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಕಾಯಂ ಆಗುತ್ತದೆಂದು ಬಂದು, ಆಗದೆ, ನಮ್ಮ ಮನೆಗೆ ಸೇರಿದ್ದ. ದನದ ಕೊಟ್ಟಿಗೆಗೆ ಹೊಂದಿದ ಖೋಲಿಯಲ್ಲಿ ಇರುತ್ತಿದ್ದ. ಹೆಂಡತಿ ಬೇಗ ತೀರಿಕೊಂಡಿದ್ದಳು. ಒಬ್ಬಳೇ ಮಗಳನ್ನು ದಾಂಡೇಲಿಯ ಅಂಬೇವಾಡಿಗೆ ಕೊಟ್ಟಿದ್ದ. ಊಟ ನಮ್ಮ ಮನೆಯಲ್ಲೇ. ಅವ್ವ ರೊಟ್ಟಿ ಬಡಿಯುವಾಗ ಮೊದಲ ರೊಟ್ಟಿ ಯಾರಿಗೆ ಎಂದು ನನಗೂ ಅವನಿಗೂ ಎಷ್ಟೋ ಸಲ ಜಗಳವಾಗಿದೆ. ಅವ್ವ ಅವನ ಕಡೆಯೇ ತೀರ್ಪು ಕೊಡುತ್ತಿದ್ದಳು. "ಅವಾ ಹೊಲಕ್ಕ ಹೊಂಟಾನ, ನೀ ಪುಸ್ತಕ ಹೊತ್ಕೊಂಡ್ ಹೊಂಟೀದಿ, ಹಸಿವು ಯಾರಿಗೆ ಹೆಚ್ಚು?" ಎನ್ನುತ್ತಿದ್ದಳು.

ಆ ವರ್ಷ ನವರಾತ್ರಿಯಾದ ಮೇಲೆ ಟ್ರ್ಯಾಕ್ಟರಿಗೆ ಒಂದು ರೋಗ ಹತ್ತಿತು. ಖಾಲಿ ಇದ್ದಾಗ ಚೆನ್ನಾಗಿ ಓಡುವುದು. ಊರೊಳಗೆ ಸುತ್ತಿದರೆ ಏನೂ ತೊಂದರೆ ಇಲ್ಲ. ನೇಗಿಲು ಹೂಡಿದರೆ, ಇಲ್ಲವೆ ತುಂಬಿದ ಟ್ರೇಲರು ಕಟ್ಟಿದರೆ, ಸ್ವಲ್ಪ ಹೊತ್ತು ಎಳೆದು ಆಮೇಲೆ ದನಿ ತೆಳ್ಳಗಾಗುತ್ತ ಬಂದು, ಎರಡು ಸಲ ಕೆಮ್ಮಿದ ಹಾಗೆ ಮಾಡಿ, ಬಂದ್ ಬೀಳುವುದು. ಚಹಾ ಕುಡಿಯುವಷ್ಟು ಹೊತ್ತು ಬಿಟ್ಟರೆ ಮತ್ತೆ ಚಾಲೂ. ಮತ್ತೆ ಲೋಡು ಬಿದ್ದರೆ ಮತ್ತೆ ಬಂದ್.

ನಾನು ಆಗ ಮುಂಡಗೋಡ ತಾಲೂಕಿನ ಇಂದೂರಿನಲ್ಲಿ ಮಾಸ್ತರನಾಗಿದ್ದೆ. ರಿಪೇರಿಯ ಸುದ್ದಿಯೆಲ್ಲ ಫೋನಿನಲ್ಲಿ ಬರುತ್ತಿತ್ತು. ಅಣ್ಣನ ಪ್ರಕಾರ ಮೊದಲು ಡೀಸೆಲ್ ಫಿಲ್ಟರು ಬದಲಾಯಿಸಿದರು. ಒಂದು ದಿನ ಚೆನ್ನಾಗಿ ಎಳೆಯಿತು. ಮರುದಿನ ಮತ್ತೆ ನಿಂತಿತು. ಪೈಪಿನೊಳಗೆ ಗಾಳಿ ಸೇರಿದೆ ಎಂದು ನಟ್ಟು ಸಡಿಲಿಸಿ, ಬುರುಗು ಹೋಗುವ ತನಕ ಡೀಸೆಲ್ ಹರಿಸಿದರು. ಒಂದು ದಿನ ಚೆನ್ನಾಗಿ ಎಳೆಯಿತು. ಹಳಿಯಾಳದಿಂದ ಮಿಸ್ತ್ರಿಯನ್ನು ಕರೆಸಿ ನಾಜಲ್ ಬಿಚ್ಚಿಸಿದರು. ಟಾಕಿಯನ್ನೇ ಇಳಿಸಿ ತೊಳೆದರು. ತಳದಲ್ಲಿ ಸಿಕ್ಕ ಹಿಡಿ ಕೆಸರನ್ನು ಮಿಸ್ತ್ರಿ ಎಲ್ಲರಿಗೂ ತೋರಿಸಿ, "ಕಳ್ಳ ಸಿಕ್ಕ್‌ಬಿದ್ದ ನೋಡ್ರಿ" ಎಂದನಂತೆ. ಮತ್ತೆ ಒಂದು ದಿನ ಎಳೆಯಿತು, ಮತ್ತೆ ನಿಂತಿತು. ಮಿಸ್ತ್ರಿ ತಲೆ ಕೆರೆದುಕೊಂಡು, "ಪಂಪ್ ಧಾರವಾಡಕ್ಕ ಕಳಸ್ರಿ, ನನ್ನ ಕೈಯಾಗಿನ ಕೆಲಸ ಮುಗೀತು" ಎಂದು ಹೋದ.

ಈಗ ಹಿಂದೆ ತಿರುಗಿ ನೋಡಿದರೆ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ. ಪ್ರತಿ ರಿಪೇರಿಯ ಕೊನೆಗೆ ಅಪ್ಪ ತಾನೇ ನಿಂತು ಟಾಕಿಗೆ ಹೊಸ ಡೀಸೆಲ್ ಸುರಿಸುತ್ತಿದ್ದ. ಸುರಿಸಬೇಕಾದರೆ ಮುಚ್ಚಳ ತೆಗೆಯಬೇಕು. ಮುಚ್ಚಳ ತೆಗೆದಾಗೆಲ್ಲ ಗಾಡಿ ಚೆನ್ನಾಗಿ ಓಡುತ್ತಿತ್ತು. ಇದನ್ನು ಯಾರೂ ಹಾಗೆ ಜೋಡಿಸಿ ನೋಡಲಿಲ್ಲ. ಅಪ್ಪ ಬೇರೆ ರೀತಿ ಜೋಡಿಸಿದ. ತಾನು ಎದುರಿಗೆ ನಿಂತು ಡೀಸೆಲ್ ಹಾಕಿಸಿದರೆ ಓಡುತ್ತದೆ, ಡ್ರೈವರ್ ಒಬ್ಬನೇ ಹೊಡೆದುಕೊಂಡು ಹೋದರೆ ನಿಲ್ಲುತ್ತದೆ. ಹಾಗಾದರೆ ನಡುವೆ ಏನೋ ಆಗುತ್ತಿದೆ.

ಆ ಅನುಮಾನಕ್ಕೆ ಸಾಕ್ಷಿ ಒದಗಿಸಿದ್ದು ಡ್ರೈವರ್ ಕಾಕಾನ ಹೊಸ ರೂಢಿಯೇ. ಗಾಡಿ ನಿಂತಾಗ ಅವನು ಏನೇನೋ ಮಾಡಿ ನೋಡಿ, ಕೊನೆಗೆ ಒಂದು ಉಪಾಯ ಕಂಡುಕೊಂಡಿದ್ದ. ಟಾಕಿಯ ಮುಚ್ಚಳ ತೆಗೆಯುವುದು, ತಿರುಗಿ ಹಾಕುವುದು. ಹಾಗೆ ಮಾಡಿದರೆ ಎಂಜಿನ್ ಕೂಡಲೇ ಏಳುತ್ತಿತ್ತು. ತೆಗೆಯುವಾಗ ಸುಂಯ್ ಎಂದು ಸಪ್ಪಳ ಬರುತ್ತದೆಂದು ಅಣ್ಣನಿಗೆ ಹೇಳಿದ್ದನಂತೆ. ಯಾಕೆ ಎಂದು ಕೇಳಿದರೆ ಅವನಿಗೂ ಗೊತ್ತಿರಲಿಲ್ಲ. ಕೆಲಸ ನಡೆಯುತ್ತಿತ್ತು, ನಡೆಸಿಕೊಂಡು ಹೋಗುತ್ತಿದ್ದ. ಆದರೆ ದಾರಿಯಲ್ಲಿ ಹೋಗುವವರ ಕಣ್ಣಿಗೆ ಕಂಡದ್ದೇ ಬೇರೆ. ಊರ ಹೊರಗೆ ರಸ್ತೆ ಬದಿಗೆ ಗಾಡಿ ನಿಲ್ಲಿಸಿ, ಯಾರೂ ಇಲ್ಲದ ಕಡೆ, ಸಾವಕಾರರ ಡೀಸೆಲ್ ಟಾಕಿ ತೆರೆಯುವ ಡ್ರೈವರ್. ಗಿರಣಿಯವನು ಎರಡು ಸಲ ನೋಡಿದ್ದ. ನೋಡಿದ್ದನ್ನು ಅಪ್ಪನಿಗೆ ಹೇಳಿದ. ಅವನು ಸುಳ್ಳು ಹೇಳಲಿಲ್ಲ. ಕಂಡದ್ದನ್ನೇ ಹೇಳಿದ.

ಅಪ್ಪನ ಲೆಕ್ಕ ಪೂರಾ ಆಯಿತು. ಡೀಸೆಲ್ ತೆಗೆದು ಅದರ ಬದಲು ಘಾಸ್ಲೇಟ್, ಅಂದರೆ ಸೀಮೆಎಣ್ಣೆ, ಸುರಿಯುತ್ತಿದ್ದಾನೆ, ಅದಕ್ಕೇ ಎಂಜಿನ್ನಿಗೆ ಜೀವ ಇಲ್ಲ.

ನಾನು ದೀಪಾವಳಿ ರಜೆಗೆ ಊರಿಗೆ ಬಂದಾಗ ಮನೆಯಲ್ಲಿ ಯಾರೂ ಈ ಮಾತನ್ನು ಬಾಯಿ ಬಿಟ್ಟು ಆಡುತ್ತಿರಲಿಲ್ಲ. ಡ್ರೈವರ್ ಕಾಕಾ ಮಾತ್ರ ಊಟಕ್ಕೆ ಒಳಗೆ ಬರುವುದನ್ನು ಬಿಟ್ಟಿದ್ದ. ತಾಟನ್ನು ಖೋಲಿಗೆ ಕೊಟ್ಟು ಬರುತ್ತಿದ್ದರು. ನಾನು ಯಾಕೆ ಎಂದು ಕೇಳಿದ್ದಕ್ಕೆ ಅವ್ವ, "ನಿಮ್ಮಪ್ಪನ್ನ ಕೇಳು" ಎಂದಳು. ಅಪ್ಪ, "ಸೋಮವಾರ ಆಗ್ಲಿ" ಎಂದ.

ಸೋಮವಾರ ಬೆಳಿಗ್ಗೆ ಕಬ್ಬು ಕಡಿಯುವ ಗ್ಯಾಂಗಿನವರು ಹೊಲದಲ್ಲೇ ಟ್ರೇಲರು ತುಂಬಿದರು. ಗಾಡಿ ಹೊಲದಿಂದ ಏರಿನ ಬುಡದ ತನಕ ಬಂದು, ಗಿರಣಿಯ ಎದುರು ನಿಂತಿತು. ಎಂದಿನ ಹಾಗೆ ಕೆಮ್ಮಿ ನಿಂತಿತು. ನಾವು ಹಿಂದೆ ನಡೆದುಕೊಂಡು ಬರುತ್ತಿದ್ದೆವು. ಡ್ರೈವರ್ ಕಾಕಾ ಸೀಟಿನಿಂದ ಎದ್ದು, ಸ್ಟೇರಿಂಗಿನ ಮೇಲಿಂದ ಮುಂದಕ್ಕೆ ಬಾಗಿ, ಮುಚ್ಚಳಕ್ಕೆ ಕೈ ಚಾಚಿದ.

"ಕೈ ತಗಿ," ಎಂದ ಅಪ್ಪ.

ಕಾಕಾ ಕೈ ತೆಗೆದ.

"ಘಳಿಗಿಗೊಮ್ಮೆ ಅದನ್ಯಾಕ ತಗೀತಿ?"

"ಒಂದೀಟ ತಗದ್ ಹಾಕಿದ್ರ ಎದ್ದ್ ಕುಂದರತೈತ್ರೀ ಸಾವಕಾರ್ರ. ಯಾಕಂತ ನನಗೂ ತಿಳೀವಲ್ದು."

ಗ್ಯಾಂಗಿನ ಮುಖ್ಯಸ್ಥ ಕುಡಗೋಲನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದ. "ಮುಚ್ಚಳ ತಗದ್ರ ಎಂಜಿನ್ ಏಳತೈತಂತ! ನಮ್ಮಾಕಿ ಮುಂಜಾನೆದ್ದು ಎಲ್ಲಾ ಗಡಗಿ ಮುಚ್ಚಳ ತಗದ್ ಬಡೀತಾಳ, ನಾ ಆದ್ರೂ ಏಳೂದಿಲ್ಲ," ಎಂದ. ಮಂದಿ ನಕ್ಕರು. ಡ್ರೈವರ್ ಕಾಕಾನೂ ನಕ್ಕ. ಅವನ ಮುಖದಲ್ಲಿ ನಗು ನಾನು ನೋಡಿದ್ದು ಅದೇ ಕೊನೆ ಎಂದು ಬರೆಯಬೇಕೆಂದಿದ್ದೆ. ಅದು ನಿಜವಲ್ಲ. ಆಮೇಲೆ ಒಂದು ಸಲ ನೋಡಿದ್ದೇನೆ.

ಅಪ್ಪ ನಗಲಿಲ್ಲ. "ಆ ಮುಚ್ಚಳಕ್ಕ ಕೈ ಹಚ್ಚೂದಿದ್ರ ಆಣಿ ಮಾಡಾಕ ಹಚ್ಚು," ಎಂದ.

ಹೊರಗಿನವರಿಗೆ ಇಲ್ಲಿ ಒಂದು ಮಾತು ತಿಳಿಸಬೇಕು. ಆ ಟ್ರ್ಯಾಕ್ಟರಿನ ಟಾಕಿ ಮುಚ್ಚಳ ಬಾನೆಟ್ಟಿನ ಮೇಲೆ, ಸ್ಟೇರಿಂಗಿನ ಮುಂದೆ, ಎತ್ತರಕ್ಕೆ ಮೂಡಿರುತ್ತದೆ. ನಮ್ಮ ಮನೆಯಲ್ಲಿ ಅದನ್ನು ಗಾಡಿಯ ನೆತ್ತಿ ಎನ್ನುತ್ತಿದ್ದರು. ಎತ್ತುಗಳಿಗೆ ಹಣೆಗೆ ಹಚ್ಚಿದ ಹಾಗೆ ಪ್ರತಿ ಸೋಮವಾರ ಅಪ್ಪ ಸ್ನಾನ ಮಾಡಿ ಬಂದು ಆ ಮುಚ್ಚಳದ ಮೇಲೆ ಮೂರು ಬೆರಳಿನಿಂದ ವಿಭೂತಿ ಎಳೆದು, ನಡುವೆ ಕುಂಕುಮದ ಬೊಟ್ಟು ಇಡುತ್ತಿದ್ದ. ಮಳೆ ಬಂದರೆ ತೊಳೆದು ಹೋಗುತ್ತದೆಂದು ಆ ವರ್ಷ ನವರಾತ್ರಿಯ ಖಂಡೆ ಪೂಜೆಗೆ, ಅಂದರೆ ಆಯುಧ ಪೂಜೆಗೆ, ಅಪ್ಪ ಆಯಿಲ್ ಪೇಂಟು ತಂದು, ತನ್ನ ಕೈಯಾರೆ ಮುಚ್ಚಳದ ಮೇಲೆ ಮೂರು ಬಿಳಿ ಗೆರೆ, ನಡುವೆ ಒಂದು ಕೆಂಪು ಬೊಟ್ಟು ಬರೆದಿದ್ದ. ಚಂದ ಕಾಣುತ್ತಿತ್ತು. ಊರಿನ ಇನ್ನಿಬ್ಬರು ಬಂದು ನೋಡಿ ತಮ್ಮ ಗಾಡಿಗೂ ಹಾಗೇ ಬರೆಯಲು ಕೇಳಿದ್ದರು. ಹೀಗಾಗಿ ಆ ಮುಚ್ಚಳ ಮುಟ್ಟಿ ಆಣೆ ಮಾಡುವುದೆಂದರೆ ನಮ್ಮಲ್ಲಿ ವಿಭೂತಿ ಮುಟ್ಟಿ ಆಣೆ ಮಾಡಿದ ಹಾಗೆ. ಅದರ ಮೇಲೆ ಮಾತಿಲ್ಲ.

ಡ್ರೈವರ್ ಕಾಕಾ ಅಪ್ಪನ ಕಡೆ ತಿರುಗಿದ. "ಇಷ್ಟ ವರ್ಷ ನಿಮ್ಮ ಮನಿ ರೊಟ್ಟಿ ತಿಂದೇನಿ," ಎಂದ.

"ರೊಟ್ಟಿ ಮಾತ ಬ್ಯಾಡ."

"ಬ್ಯಾಡಂದ್ರ ಬಿಡ್ರಿ."

ಅವನು ಚಪ್ಪಲಿ ಬಿಟ್ಟ. ಒಂದು ಚಪ್ಪಲಿ ಫುಟ್‌ಬೋರ್ಡಿನ ಮೇಲೆ ಉಳಿಯಿತು, ಇನ್ನೊಂದು ನೆಲಕ್ಕೆ ಬಿತ್ತು. ಅಂಗೈಯನ್ನು ಲುಂಗಿಗೆ ಒರೆಸಿಕೊಂಡು ಮುಚ್ಚಳದ ಮೇಲಿಟ್ಟ. ಬಲಗೈ. ಗಾಲಿಯಿಂದ ಒಂದೆರಡು ಹೆಜ್ಜೆ ಬದಿಗೆ ಸರಿದಿದ್ದ ನನಗೆ ಅವನ ಬೆನ್ನೂ ಕೈಯೂ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಮಾತು ಮಾತ್ರ ಸ್ಪಷ್ಟವಾಗಿ ಕೇಳಿತು.

"ಈ ಟಾಕ್ಯಾಗಿನ ಡೀಸೆಲ್ ನಾ ತಗದಿದ್ರ, ಇದರಾಗ ಘಾಸ್ಲೇಟ್ ಸುರುವಿದ್ರ, ಈ ಗಾಡಿ ನನ್ನ ಕೈಯಾಗ ಈ ಏರು ಹತ್ತಬಾರ್ದು."

ಕೊನೆಯ ಮಾತನ್ನು ಅಪ್ಪ ಕೇಳಿರಲಿಲ್ಲ. ಅದನ್ನು ಕಾಕಾ ತಾನಾಗಿ ಸೇರಿಸಿದ. ಯಾಕೆ ಸೇರಿಸಿದ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಇಷ್ಟೊತ್ತು ನಿಂತದ್ದಕ್ಕೆ ಗಾಡಿಗೆ ಆರಾಮ ಸಿಕ್ಕಿದೆ, ಹತ್ತುತ್ತದೆ ಎಂಬ ಧೈರ್ಯವಿರಬಹುದು. ತಾನು ಏನೂ ಮಾಡಿಲ್ಲವಾದ್ದರಿಂದ ಹತ್ತಲೇಬೇಕು ಎಂದುಕೊಂಡಿರಬಹುದು. ನನಗೆ ಎರಡನೆಯದೇ ಸರಿ ಅನಿಸುತ್ತದೆ.

ಗಾಡಿ ಚಾಲೂ ಆಯಿತು. ಒಂದೇ ಸಲಕ್ಕೆ ಆಯಿತು. ಮಂದಿ ಬದಿಗೆ ಸರಿದರು. ನಾನು ಕಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಗಾಲಿಯ ಹಿಂದೆ ಹಿಂದೆ ನಡೆದೆ. ಟ್ರ್ಯಾಕ್ಟರು ಗಿರಣಿ ದಾಟಿತು. ಬೇವಿನ ಗಿಡದ ಹತ್ತಿರ ರಸ್ತೆ ಇನ್ನೂ ಕಡಿದಾಗುತ್ತದೆ. ಅಲ್ಲಿಗೆ ಬಂದಾಗ ದನಿ ತೆಳ್ಳಗಾಯಿತು. ಹೊಗೆ ಬಿಡುವ ಕೊಳವೆಯಿಂದ ಹೊಗೆ ಬರುವುದು ಕಡಿಮೆಯಾಯಿತು. ಒಂದು ಕೆಮ್ಮು. ಇನ್ನೊಂದು ಕೆಮ್ಮು. ಆಮೇಲೆ ಕಬ್ಬಿನ ಸೋಗೆ ಗಾಳಿಗೆ ಅಲ್ಲಾಡುವ ಸಪ್ಪಳ ಮಾತ್ರ.

ಕಾಕಾ ಬ್ರೇಕ್ ಹಿಡಿದಿದ್ದ. ಆದರೂ ಟ್ರೇಲರು ಹಿಂದಕ್ಕೆ ಜಾರಿತು. ನಾನು ಕಲ್ಲು ಕೊಟ್ಟೆ. ಗಾಲಿ ಕಲ್ಲಿನ ಮೇಲೆ ಅರ್ಧ ಹತ್ತಿ ನಿಂತಿತು. ಮೇಲಿನ ಎರಡು ಕಬ್ಬಿನ ಹೊರೆ ನನ್ನ ಪಕ್ಕದಲ್ಲೇ ಬಿದ್ದವು. ಯಾರಿಗೂ ಏನೂ ಆಗಲಿಲ್ಲ. ಕಲ್ಲಿನಿಂದ ಕೈ ತೆಗೆಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ಆಮೇಲೆ ಗಿರಣಿಯ ಕಟ್ಟೆಯ ಮೇಲಿಂದ ಒಂದು ಹೆಂಗಸಿನ ದನಿ, "ಅಯ್ಯ ಶಿವನೇ, ದೇವ್ರು ಕೈಮ್ಯಾಲೆ ತೋರಿಸಿಬಿಟ್ಟ," ಎಂದಿತು.

ಡ್ರೈವರ್ ಕಾಕಾ ಕೆಳಗಿಳಿದ. ಅವನ ಮುಖ ಆಗ ನೋಡಿದೆ. ಸಿಟ್ಟು ಇರಲಿಲ್ಲ. ಅವನಿಗೇ ಅನುಮಾನ ಬಂದವನ ಹಾಗೆ ಕಾಣುತ್ತಿದ್ದ, ತಾನೇ ಏನಾದರೂ ಮಾಡಿ ಮರೆತಿದ್ದೇನೆಯೇ ಎನ್ನುವವನ ಹಾಗೆ. ಬಲಗೈಯನ್ನು ತಿರುಗಿಸಿ ನೋಡಿಕೊಂಡ. ಸೀಟಿನ ಮೇಲಿನ ಟಾವೆಲ್ ತೆಗೆದು ಹೆಗಲಿಗೆ ಹಾಕಿಕೊಂಡು, "ನಿಮ್ಮ ಗಾಡಿ ನೋಡ್ಕೋರಿ ಸಾವಕಾರ್ರ," ಎಂದು ಏರು ಇಳಿದು ನಡೆದ. ಕೆಳಗೆ ಬಿದ್ದ ಚಪ್ಪಲಿಯನ್ನು ಹುಡುಕಲಿಲ್ಲ. ಮಧ್ಯಾಹ್ನದ ಬಸ್ಸಿಗೆ ದಾಂಡೇಲಿಗೆ ಹೋದ. ಅವ್ವ ಬುತ್ತಿ ಕಟ್ಟಿಕೊಂಡು ಖೋಲಿಗೆ ಹೋಗುವಷ್ಟರಲ್ಲಿ ಖೋಲಿ ಖಾಲಿಯಿತ್ತು.

ಆ ದಿನ ಅಲ್ಲಿದ್ದ ಒಬ್ಬರಿಗೂ ಅನುಮಾನ ಉಳಿಯಲಿಲ್ಲ. ನನಗೂ ಉಳಿಯಲಿಲ್ಲ.

ಮುಂದಿನದನ್ನು ನಾನು ಕಣ್ಣಾರೆ ನೋಡಿಲ್ಲ. ರಜೆ ಮುಗಿಸಿ ಇಂದೂರಿಗೆ ಹೋಗಿದ್ದೆ. ಅಣ್ಣ ಮತ್ತು ವೈನಿ, ಅಂದರೆ ಅತ್ತಿಗೆ, ಹೇಳಿದ್ದನ್ನು ಹೇಳುತ್ತೇನೆ.

ಡ್ರೈವರ್ ಹೋದ ಮೇಲೆ ಅಣ್ಣನೇ ಗಾಡಿ ಹೊಡೆಯತೊಡಗಿದ. ಗಾಡಿ ಮೊದಲಿನ ಹಾಗೇ ನಿಲ್ಲುತ್ತಿತ್ತು. ಅಪ್ಪ ಅದಕ್ಕೂ ಕಾರಣ ಕಂಡುಕೊಂಡಿದ್ದ. "ಅಷ್ಟ ದಿನ ಘಾಸ್ಲೇಟ್ ಕುಡದೈತಿ, ಅದರ ಮೈಯಾಗಿಂದ ಹೋಗಾಕ ಟೈಮ್ ಬೇಕ," ಎನ್ನುತ್ತಿದ್ದ. ಹೀಗೆ ಒಂದು ದಿನ ಅಣ್ಣ ದಾಂಡೇಲಿ ರಸ್ತೆಯ ಬಂಕಿನಲ್ಲಿ ಡೀಸೆಲ್ ಹಾಕಿಸಿಕೊಂಡು, ಮುಚ್ಚಳವನ್ನು ಅಲ್ಲೇ ಮರೆತು ಬಂದ. ದಾರಿಯಲ್ಲಿ ನೋಡಿಕೊಂಡು, ಹಳೆಯ ಧೋತರದ ತುಂಡನ್ನು ಉಂಡೆ ಮಾಡಿ ಟಾಕಿಯ ಬಾಯಿಗೆ ತುರುಕಿದ. ಆ ದಿನ ಕಾರ್ಖಾನೆಗೆ ಕಬ್ಬು ಒಯ್ದ. ಗಿರಣಿಯ ಏರು ಹತ್ತಿತು. ಮುಂದಿನ ಏರೂ ಹತ್ತಿತು. ಒಂದು ಸಲವೂ ಕೆಮ್ಮಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಅಣ್ಣ, "ಟೊಪ್ಪಿಗಿ ಕಳಕೊಂಡ ಮ್ಯಾಲೆ ನಿಮ್ಮ ಟ್ರ್ಯಾಕ್ಟರಿಗೆ ಹರೇ ಬಂದೈತಿ ನೋಡ್ರಿ," ಎಂದು ನಗಿಸಿದ. ಎಲ್ಲರೂ ನಕ್ಕರು. ವೈನಿ ಮಾತ್ರ ಬಡಿಸುವ ಕೈ ನಿಲ್ಲಿಸಿ, "ಡ್ರೈವರ್ ಕಾಕಾನೂ ಅದನ್ನ ತಗೀತಿದ್ರಲ್ಲಾ?" ಎಂದಳು.

ಆಗ ಯಾರೂ ನಗಲಿಲ್ಲ ಎಂದು ಅಣ್ಣ ಹೇಳಿದ.

ಮರುದಿನ ಅಣ್ಣ ಬಂಕಿನಿಂದ ಮುಚ್ಚಳ ತಂದ. ಹಾಕಿಕೊಂಡು ನೇಗಿಲು ಹೂಡಿದ. ನಾಲ್ಕು ಸಾಲು ಹೊಡೆಯುವಷ್ಟರಲ್ಲಿ ನಿಂತಿತು. ಮುಚ್ಚಳ ತೆಗೆದ, ಸುಂಯ್ ಎಂದಿತು. ಬಟ್ಟೆ ತುರುಕಿ ಹೊಡೆದ, ಹೊಲದ ತುದಿಯ ತನಕ ಓಡಿತು. ಅಪ್ಪ ಬದುವಿನ ಮೇಲೆ ನಿಂತು ಎರಡನ್ನೂ ನೋಡಿದ. ಮುಚ್ಚಳವನ್ನು ಕೈಗೆ ತೆಗೆದುಕೊಂಡು ಮನೆಗೆ ಬಂದು ಕಟ್ಟೆಯ ಮೇಲೆ ಕೂತು, ಬಿಸಿಲಿಗೆ ಹಿಡಿದು ಮೇಲೆ ಕೆಳಗೆ ಮಾಡಿದ. ಆಮೇಲೆ ವೈನಿಯನ್ನು ಕರೆದು, "ಬಳಿಯಾಗಿನ ಪಿನ್ನ ಕೊಡವ್ವಾ," ಎಂದ. ಕೆಂಪು ಬೊಟ್ಟಿನ ನಟ್ಟನಡುವೆ ಪಿನ್ನು ಚುಚ್ಚಿದ. ಒಣಗಿದ ಬಣ್ಣ ಚಕ್ಕೆಯಾಗಿ ಎದ್ದಿತು. ಒಳಗೆ ಒಂದು ಸಣ್ಣ ತೂತು ಇತ್ತು. ಟಾಕಿಯೊಳಗಿನ ಡೀಸೆಲ್ ಕಡಿಮೆಯಾದ ಹಾಗೆ ಹೊರಗಿನ ಗಾಳಿ ಒಳಗೆ ಹೋಗಲೆಂದು, ಮುಚ್ಚಳ ಮಾಡಿದವರೇ ಬಿಟ್ಟ ತೂತು. ಗಾಳಿ ಹೋಗದಿದ್ದರೆ ಒಳಗೆ ಎಳೆತ ಹುಟ್ಟಿ ಡೀಸೆಲ್ ಕೆಳಗೆ ಇಳಿಯುವುದಿಲ್ಲ. ಖಾಲಿ ಓಡುವಾಗ ಎಂಜಿನ್ನಿಗೆ ಸ್ವಲ್ಪವೇ ಸಾಕು, ಗೊತ್ತಾಗುವುದಿಲ್ಲ. ಲೋಡು ಬಿದ್ದಾಗ ಹೆಚ್ಚು ಬೇಕು, ಸಿಗುವುದಿಲ್ಲ, ನಿಲ್ಲುತ್ತದೆ. ಕೈಯಿಂದ ಹಚ್ಚಿದ ಕುಂಕುಮ ಉದುರಿ ಹೋಗುತ್ತಿತ್ತು. ಆಯಿಲ್ ಪೇಂಟು ಉದುರಲಿಲ್ಲ.

ಶನಿವಾರ ಬಂದಾಗ ಆ ಮುಚ್ಚಳವನ್ನು ನಾನೂ ನೋಡಿದೆ. ಕಣ್ಣಿಗೆ ಹತ್ತಿರ ಹಿಡಿದರೆ ತೂತಿನಿಂದ ಬೆಳಕು ಕಾಣುತ್ತಿತ್ತು. ಅಪ್ಪ ಎರಡು ದಿನದಿಂದ ಸರಿಯಾಗಿ ಉಂಡಿಲ್ಲ ಎಂದು ಅವ್ವ ಹೇಳಿದಳು. "ನಾಳೆ ಅಂಬೇವಾಡಿಗೆ ಹೋಗೂಣು, ನೀನೂ ಬಾ," ಎಂದ ಅಪ್ಪ.

ಭಾನುವಾರ ಇಬ್ಬರೂ ಬಸ್ಸಿಗೆ ಹೋದೆವು. ಮಗಳ ಮನೆ ಎರಡು ಖೋಲಿಯದು. ಡ್ರೈವರ್ ಕಾಕಾ ಹೊರಗೆ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದ. ನಮ್ಮನ್ನು ನೋಡಿ ಎದ್ದ. "ಬರ್ರಿ ಸಾವಕಾರ್ರ," ಎಂದ. ಮಗಳು ಚಹಾ ಮಾಡಿದಳು. ಅಪ್ಪ ಚಹಾ ಮುಟ್ಟಲಿಲ್ಲ. ಜೇಬಿನಿಂದ ಮುಚ್ಚಳ ತೆಗೆದು ಅವನ ಕೈಗೆ ಕೊಟ್ಟ. ಆಗಲೇ ಗಾಡಿಗೆ ಹೊಸ ಮುಚ್ಚಳ ತಂದಾಗಿತ್ತು.

"ತೂತ ಮುಚ್ಚಿತ್ತಪಾ. ನನ್ನ ಬಣ್ಣದಿಂದ ಮುಚ್ಚಿತ್ತು."

ಕಾಕಾ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ತುಟಿಗೆ ಹಿಡಿದು ಊದಿದ. ಆಗಲೇ ಅವನು ನಕ್ಕದ್ದು. "ಅಂದ್ರ ಉಸಿರ ಕಟ್ಟಿತ್ತು ಅನ್ರಿ. ನಾ ನೋಡ್ರಿ, ದಿನಾ ಬಾಯಿ ತಗಸಿ ಉಸಿರಾಡಸ್ತಿದ್ದೆ, ನನಗ ಗೊತ್ತಾಗ್ಲಿಲ್ಲ."

"ಮನಿಗೆ ಬಾ," ಎಂದ ಅಪ್ಪ. "ನಿನ್ನ ಖೋಲಿ ಹಂಗ ಐತಿ."

"ಬರ್ತೇನಿ."

ಮಗಳು ಬಾಗಿಲಲ್ಲಿ ನಿಂತಿದ್ದಳು. "ಅಪ್ಪಾ," ಎಂದಳು, ಬೇಡ ಎನ್ನುವ ಹಾಗೆ.

"ತಡಿಯವ್ವಾ," ಎಂದು ಕಾಕಾ ಮುಚ್ಚಳವನ್ನು ಅಪ್ಪನಿಗೆ ತಿರುಗಿ ಕೊಟ್ಟ. "ಬರ್ತೇನಿ ಸಾವಕಾರ್ರ. ಆದ್ರ ಆಣಿ ನಾ ಗಿರಣಿ ಮುಂದ ಮಾಡೇನಿ. ನೀವೂ ಗಿರಣಿ ಮುಂದ ನಿಂತ ಹೇಳ್ರಿ. ಆವತ್ತ ಯಾರ್ಯಾರ ಇದ್ರು, ಅವ್ರ ಮುಂದ. ‘ಅವಾ ಸುಳ್ಳ ಆಣಿ ಮಾಡಿಲ್ಲ’ ಅಂತ ಅಷ್ಟ ಅನ್ರಿ. ಬಣ್ಣದ ಮಾತ ಬ್ಯಾಡಂದ್ರ ಬಿಡ್ರಿ. ಅವತ್ತ ಸಂಜೀ ಬಸ್ಸಿಗೆ ಬರ್ತೇನಿ."

"ಹೇಳ್ತೇನಿ," ಎಂದ ಅಪ್ಪ.

ಇದು ನನ್ನ ಎದುರು ನಡೆದ ಮಾತು. ನಾನು ಅಪ್ಪನ ಬಲಕ್ಕೆ, ಕಬ್ಬಿಣದ ಕುರ್ಚಿಯ ಮೇಲೆ ಕೂತಿದ್ದೆ.

ಬಸ್ಸಿನಲ್ಲಿ ಅಪ್ಪ ಕಿಟಕಿ ಕಡೆ ಮುಖ ಮಾಡಿದ್ದ. ಊರು ಹತ್ತಿರ ಬಂದಾಗ, "ಸುಳ್ಳಲ್ಲ ಅಂದ್ರ ಸಾಕೇನು? ಮತ್ತ ಯಾಕ ನಿಂತಿತು ಅಂತ ಮಂದಿ ಕೇಳೂದಿಲ್ಲೇನು?" ಎಂದ. ನಾನು, ಕೇಳಿದರೆ ಇದ್ದದ್ದನ್ನು ಹೇಳಿದರಾಯಿತು ಎಂದೆ. "ನಾ ಬರದ ವಿಭೂತಿಯಿಂದ ಗಾಡಿ ನಿಂತಿತು ಅಂತ ಹೇಳ್ಲೇನು? ಅದನ್ನ ಮುಟ್ಟಿಸಿ ಒಬ್ಬ ಮನಷ್ಯಾನ್ನ ಕಳ್ಳನ್ನ ಮಾಡಿದೆ ಅಂತ ಹೇಳ್ಲೇನು?" ಎಂದ. ಹೌದು ಎಂದೆ. ಅವನು ಮತ್ತೆ ಕಿಟಕಿ ಕಡೆ ತಿರುಗಿದ.

ಅಪ್ಪ ಹೇಳುವುದಿಲ್ಲ ಎಂದು ಯಾವತ್ತೂ ಅನ್ನಲಿಲ್ಲ. ಹಂಗಾಮು ಮುಗಿಯಲಿ ಎಂದ. ಶಿವರಾತ್ರಿ ಆಗಲಿ, ಎಲ್ಲರೂ ಗುಡಿಗೆ ಬರುತ್ತಾರೆ ಎಂದ. ಶಿವರಾತ್ರಿಯ ದಿನ ಗುಡಿಗೆ ಹೋಗಿ ಎಲ್ಲರ ನಡುವೆ ಕೂತು, ಪ್ರಸಾದ ತೆಗೆದುಕೊಂಡು ಎದ್ದು ಬಂದ. ನಾನು ಪಕ್ಕದಲ್ಲೇ ಇದ್ದೆ. ಎರಡು ಸಲ ಗಂಟಲು ಸರಿ ಮಾಡಿಕೊಂಡ. ಅಷ್ಟೇ. ಯುಗಾದಿಗೆ ನೋಡೋಣ ಎಂದ. ಯುಗಾದಿಯ ಹೊತ್ತಿಗೆ ಲಾಕ್‌ಡೌನ್ ಬಂತು. ಗಿರಣಿ ಮುಂದೆ ನಾಲ್ಕು ಜನ ಸೇರುವುದೂ ನಿಂತಿತು. ಅಪ್ಪನಿಗೆ ಅದು ನೆವವಾಯಿತೋ ದುಃಖವಾಯಿತೋ ನನಗೆ ಗೊತ್ತಿಲ್ಲ.

ಡ್ರೈವರ್ ಕಾಕಾ ಆ ಮಳೆಗಾಲದಲ್ಲಿ ತೀರಿಕೊಂಡ. ಕೊರೋನಾ ಅಲ್ಲ, ಎದೆನೋವು ಎಂದರು. ಸುದ್ದಿ ನಮಗೆ ತಡವಾಗಿ ತಿಳಿಯಿತು. ಮಣ್ಣಿಗೆ ನಮ್ಮ ಮನೆಯಿಂದ ಯಾರೂ ಹೋಗಲಿಲ್ಲ. ಆಮೇಲೆ ಮಾತಾಡಿಸಲು ಹೋದೆವು, ಅಪ್ಪ, ಅವ್ವ, ನಾನು. ಮಗಳು ನಮಗೆ ಕೂರಲು ಹೇಳಿದಳು, ನೀರು ಕೊಟ್ಟಳು. ಅವ್ವ ಅವಳ ಕೈ ಹಿಡಿದುಕೊಂಡು ಅತ್ತಳು. ಅವಳು ಅಳಲಿಲ್ಲ.

"ನಿಮ್ಮೂರ ಮಂದಿ ಸಂತಿಗೆ ಬಂದ್ರ ಅಪ್ಪಾ ಎದ್ದ್ ಹೋಗಿ ಕೇಳ್ತಿದ್ರು," ಎಂದಳು. "‘ಸಾವಕಾರ್ರು ಗಿರಣಿ ಮುಂದ ಏನರ ಹೇಳಿದ್ರೇನು’ ಅಂತ. ಅವ್ರು, ‘ಏನ ಹೇಳ್ಬೇಕಾಗಿತ್ತು?’ ಅಂತಿದ್ರು. ಮನಿಗೆ ಬಂದು, ‘ಇನ್ನೂ ಇಲ್ಲವ್ವಾ’ ಅಂತಿದ್ರು. ಸಿಟ್ಟ ಇರ್ಲಿಲ್ರೀ ಅವ್ರಿಗೆ. ಹೇಳ್ತಾರಂತ ತಿಳದಿದ್ರು."

ಅಪ್ಪ ಅಂದಿನಿಂದ ಸೋಮವಾರದ ವಿಭೂತಿಯನ್ನು ತನ್ನ ಹಣೆಗೆ ಮಾತ್ರ ಹಚ್ಚಿಕೊಳ್ಳುತ್ತಾನೆ. ಇದನ್ನು ಪ್ರಾಯಶ್ಚಿತ್ತ ಎಂದು ನಾನು ಹೇಳುತ್ತಿಲ್ಲ. ನೋಡಿದ್ದನ್ನು ಹೇಳಿದೆ.

ಇಷ್ಟಕ್ಕೇ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲವೇನೋ. ಈ ವರ್ಷ ಸುಗ್ಗಿಯಾದ ಮೇಲೆ ಒಂದು ದಿನ ಜೋಳ ಬೀಸಿಸಲು ಗಿರಣಿಗೆ ಹೋಗಿದ್ದೆ. ಕಟ್ಟೆಯ ಮೇಲೆ ಇಬ್ಬರು ಮೊಬೈಲು ನೋಡುತ್ತ ಕೂತಿದ್ದರು. ಒಬ್ಬ ಯಾವುದೋ ಮಾತನ್ನು ನಂಬಿಸಲು ನೋಡುತ್ತಿದ್ದ. ಇನ್ನೊಬ್ಬ, "ಖರೇ ಏನು? ಏರ್ ಹತ್ತಸ್ತಿ ಏನು ಹಂಗಾದ್ರ?" ಎಂದ. ಇಬ್ಬರೂ ನಕ್ಕರು. ಅದೇನು ಮಾತು ಎಂದು ಕೇಳಿದೆ. "ಗೊತ್ತಿಲ್ಲೇನ್ರೀ ಸರ? ಹಿಂದಕ ಒಬ್ಬ ಡ್ರೈವರ್ ಡೀಸೆಲ್ ಕದ್ದು, ಸುಳ್ಳ ಆಣಿ ಮಾಡಿದ್ನಂತ. ಗಾಡಿ ಏರ್ ಹತ್ತಲೇ ಇಲ್ಲಂತ," ಎಂದ. ಆ ಗಾಡಿ ನಮ್ಮದು ಎಂದು ಅವನಿಗೆ ಗೊತ್ತಿರಲಿಲ್ಲ. ಆ ಡ್ರೈವರಿನ ಮುಖವನ್ನೂ ಅವನು ನೋಡಿರಲಿಲ್ಲ. ಸುಳ್ಳು ಹೇಳುವವರಿಗೆ ಅನ್ನಲು ಊರಿಗೆ ಒಂದು ಮಾತು ಸಿಕ್ಕಿತ್ತು, ಅದು ನಮ್ಮ ಮನೆಯ ರೊಟ್ಟಿ ತಿಂದ ಮನುಷ್ಯನದು.

ನಾನು ಅಲ್ಲೇ ನಿಂತು ನಡೆದದ್ದನ್ನೆಲ್ಲ ಹೇಳಿದೆ. ಅವರು ಕೇಳಿದರು. "ಹಂಗಾ?" ಎಂದರು. ಗಿರಣಿಯ ಸಪ್ಪಳದಲ್ಲಿ ಎಷ್ಟು ಕೇಳಿತೋ ತಿಳಿಯದು. ಹಿಟ್ಟು ಹೊತ್ತು ಮನೆಗೆ ಬಂದು ಅಪ್ಪನಿಗೆ, ಇದನ್ನು ಬರೆಯುತ್ತೇನೆ ಎಂದೆ. ಅವನಿಗೆ ಈಗ ಕಣ್ಣು ಮಂಜಾಗಿವೆ, ಮಾತು ಸ್ಪಷ್ಟವಾಗಿದೆ. "ಬರಿ. ಹೆಸರ ಹಾಕಬ್ಯಾಡ. ಅವಂದೂ 'ಕಳ್ಳ' ಅನ್ನೂ ಮಾತಿನ ಬಾಜೂಕ ಬರೂದ ಬ್ಯಾಡ," ಎಂದ.

ಹಾಗಾಗಿ ಹೆಸರು ಹಾಕಿಲ್ಲ. ಡ್ರೈವರ್ ಕಾಕಾ ಸುಳ್ಳು ಆಣೆ ಮಾಡಲಿಲ್ಲ. ಆ ಟಾಕಿಯಿಂದ ಅವನು ಡೀಸೆಲ್ ತೆಗೆದಿರಲಿಲ್ಲ, ಏನನ್ನೂ ಸುರಿದಿರಲಿಲ್ಲ. ಗಾಡಿ ನಿಂತದ್ದು ಮುಚ್ಚಳದ ತೂತು ಬಣ್ಣದಿಂದ ಮುಚ್ಚಿದ್ದಕ್ಕೆ.

ಆ ಸೋಮವಾರ ಏರಿನ ಬುಡದಲ್ಲಿದ್ದವರಲ್ಲಿ ಕೆಲವರು ಈಗ ಇಲ್ಲ. ಗ್ಯಾಂಗಿನ ಮುಖ್ಯಸ್ಥ ಮರುವರ್ಷವೇ ಹೋದ. ಗಿರಣಿಯವನು ಇದ್ದಾನೆ, ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ್ದಾನೆ. "ದೇವ್ರು ತೋರಿಸಿಬಿಟ್ಟ" ಎಂದ ಹೆಂಗಸು ಇದ್ದಾಳೆ, ಈಗ ಮಗನ ಮನೆಯಲ್ಲಿ, ಹಳಿಯಾಳದಲ್ಲಿ. ಅಣ್ಣ ಇದ್ದಾನೆ, ಅವನು ಟ್ರೇಲರಿನ ಬಲಗಡೆ ಇದ್ದ. ವೈನಿ ಇದ್ದಾಳೆ. ಅವಳು ಏರಿನ ಹತ್ತಿರ ಇರಲಿಲ್ಲ, ಆದರೆ ಪಿನ್ನು ಕೊಟ್ಟವಳು ಅವಳು, ತೂತನ್ನು ಅಪ್ಪನ ಜೊತೆ ಮೊದಲು ನೋಡಿದವಳೂ ಅವಳೇ. ನಾನು ಇದ್ದೇನೆ. ಅಪ್ಪನೂ ಇದ್ದಾನೆ. ಅವನು ಡ್ರೈವರ್ ಕಾಕಾನ ಎದುರಿಗೇ ನಿಂತಿದ್ದ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ. ಯಾರಾದರೂ ಬಂದು ಕೇಳಿದರೆ ಹೇಳುತ್ತೇನೆ ಎಂದಿದ್ದಾನೆ.